ಹೆಜ್ಜೆ ಬೆರೆಸದ ದಿಬ್ಬಣ

2018ನೆಯ ಇಸವಿ ಫೆಬ್ರವರಿ ತಿಂಗಳ ಹದಿನೇಳನೆಯ ತಾರೀಖು, ಶನಿವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮದುಮಗಳು ಮನೆಯಲ್ಲಿರಲಿಲ್ಲ. ಎಂಟು ಗಂಟೆಗೇ ಇರಲಿಲ್ಲವೆಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ಎಂಟು ಗಂಟೆಗೆ ಆಕೆ ಕನ್ನಡಿಯ ಮುಂದೆ ಕುಳಿತು ಕೂದಲಿಗೆ ಪಿನ್ನು ಸಿಕ್ಕಿಸಿಕೊಳ್ಳುತ್ತಿದ್ದುದನ್ನು ತಮ್ಮನ ಹೆಂಡತಿ ಕಣ್ಣಾರೆ ಕಂಡಿದ್ದಳು. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಕನ್ನಡಿ ಇತ್ತು, ಕುರ್ಚಿ ಇತ್ತು, ಉಳಿದ ಪಿನ್ನುಗಳೆಲ್ಲ ಇದ್ದವು. ಮದುಮಗಳು ಮಾತ್ರ ಮಾಯ. ಬಾಗಿಲ ಹಿಂದಿನ ಮೊಳೆಗೆ ಸದಾ ತೂಗುಹಾಕಿರುತ್ತಿದ್ದ ಹಳದಿ ಹೆಲ್ಮೆಟ್ಟೂ ಕಾಣಲಿಲ್ಲ.

"ಅಯ್ಯೋ, ಅತ್ತಿಗೆ ಓಡಿಹೋದ್ರಾ?" ಎಂದು ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಹೆಲ್ಮೆಟ್ ಹಾಕ್ಕೊಂಡು ಯಾರಾದ್ರೂ ಓಡಿಹೋಗ್ತಾರೇನೆ?" ಎಂದು ತಮ್ಮ ಹಲ್ಲುಜ್ಜುವುದನ್ನು ಅರ್ಧಕ್ಕೇ ನಿಲ್ಲಿಸಿ ಹೇಳಿದ. "ಸೇತುವೆ ಹತ್ರ ಹೋಗಿರ್ತಾಳೆ. ಮದುವೆ ದಿನಾನಾದ್ರೂ ಅದನ್ನ ಬಿಟ್ಟಿರು ಅಂತ ನಿನ್ನೆ ಕೈಮುಗಿದು ಹೇಳಿದ್ದೆ. ಕೇಳಿದ್ರೆ ತಾನೇ!" ಬಾಯಿಯ ನೊರೆಯನ್ನು ಉಗಿದು, ಅಂಗಡಿಯ ಗೂಡ್ಸ್ ಗಾಡಿಯ ಕೀಲಿ ಹುಡುಕತೊಡಗಿದ.

ಅವರ ಮನೆ ಗಾಜಿನಂಗಡಿಯ ಮೇಲಿನ ಎರಡು ಕೋಣೆಗಳು. ಆಕೆ ಹುಟ್ಟಿದ್ದು ಅಲ್ಲಿಯೇ, 1971ನೆಯ ಆಗಸ್ಟ್ ಮೂರರಂದು. ತಂದೆ ಕಿಟಕಿಗೂ ಫೋಟೋಗಳಿಗೂ ಗಾಜು ಕೊಯ್ದು ಕೊಡುತ್ತಿದ್ದರು. ಯಾವ ಹಾಳೆಯನ್ನೇ ಆಗಲಿ ಕೊಯ್ಯುವ ಮೊದಲು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ವಾಲಿಸಿ ಆಲಿಸಿ, "ಇದರೊಳಗೆ ಕೂದಲೆಳೆ ಇದೆ, ಪಕ್ಕಕ್ಕಿಡು" ಎನ್ನುವರು. ಕಣ್ಣಿಗೆ ಕಾಣದ ಆ ಕೂದಲೆಳೆಯ ಬಿರುಕು ಅವರ ಕಿವಿಗೆ ಕಾಣುತ್ತಿತ್ತು. ಅಂಗಡಿಯನ್ನು ಅವರು ಮಗನಿಗೆ ಕೊಟ್ಟರು. ಕಿವಿಯನ್ನು ಮಗಳಿಗೆ ಕೊಟ್ಟರು.

ಆ ಕಿವಿಯನ್ನು ಹೊತ್ತುಕೊಂಡು ಮಗಳು 1993ನೆಯ ಏಪ್ರಿಲ್ ಹನ್ನೆರಡು, ಸೋಮವಾರದಂದು ಹೆದ್ದಾರಿ ಇಲಾಖೆಯ ಸೇತುವೆ ವಿಭಾಗದಲ್ಲಿ ಪರಿವೀಕ್ಷಕಿಯಾಗಿ ಕೆಲಸಕ್ಕೆ ಸೇರಿದಳು. ಕೈಗೆ ಬಂದದ್ದು ಅರ್ಧ ಕಿಲೋ ತೂಕದ ಒಂದು ಸುತ್ತಿಗೆ, ಒಂದು ಟೇಪು, ಒಂದು ಸೀಟಿ, ಒಂದು ಟಿಪ್ಪಣಿ ಪುಸ್ತಕ. ಕೆಲಸ ಹೇಳಲು ಸುಲಭ: ರಾಜ್ಯ ಹೆದ್ದಾರಿಯ ಸೇತುವೆಗಳ ಕೆಳಗೆ ಇಳಿದು, ತೊಲೆಗಳನ್ನೂ ಕಂಬಗಳನ್ನೂ ಅಂಗೈಯಗಲಕ್ಕೊಂದರಂತೆ ಸುತ್ತಿಗೆಯಿಂದ ತಟ್ಟುತ್ತ ಹೋಗುವುದು. ಕಾಂಕ್ರೀಟು ಗಟ್ಟಿಯಾಗಿದ್ದರೆ "ಟಣ್" ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ, ಕಂಬಿ ತುಕ್ಕು ಹಿಡಿದು ಉಬ್ಬಿದ್ದರೆ, "ಡೊಬ್" ಎನ್ನುತ್ತದೆ. ಟಣ್ ಎಂದಲ್ಲಿ ಮುಂದಕ್ಕೆ ಹೋಗುವುದು, ಡೊಬ್ ಎಂದಲ್ಲಿ ಸುಣ್ಣದ ಗೆರೆ ಎಳೆದು ತಾರೀಖು ಬರೆಯುವುದು. ಎರಡು ವರ್ಷ ತುಂಬುವುದರೊಳಗೆ ಎಂಜಿನಿಯರುಗಳಿಂದ ಹಿಡಿದು ಲಾರಿ ಡ್ರೈವರುಗಳವರೆಗೆ ಎಲ್ಲರೂ ಆಕೆಯನ್ನು ಟಣ್ಣಕ್ಕ ಎಂದು ಕರೆಯತೊಡಗಿದ್ದರು. ಸಂಬಳದ ಪಟ್ಟಿಯಲ್ಲೊಂದನ್ನು ಬಿಟ್ಟರೆ ನಿಜವಾದ ಹೆಸರು ಮತ್ತೆಲ್ಲೂ ಬಳಕೆಗೆ ಬರಲಿಲ್ಲ.

ಆಕೆಯ ಪಾಲಿಗೆ ಬಂದ ಸೇತುವೆಗಳು ಮುನ್ನೂರ ಹದಿನೆಂಟು. ಪ್ರತಿಯೊಂದಕ್ಕೂ ವರ್ಷಕ್ಕೊಮ್ಮೆ ಒಂಬತ್ತರಿಂದ ಸೊನ್ನೆಯವರೆಗೆ ಒಂದು ಅಂಕ ಕೊಡಬೇಕು. ಒಂಬತ್ತು ಎಂದರೆ ನಿನ್ನೆ ಕಟ್ಟಿದಂತಿದೆ; ಸೊನ್ನೆ ಎಂದರೆ ಸೇತುವೆ ಇಲ್ಲ, ಅದರ ನೆನಪಷ್ಟೇ ಇದೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದದ್ದು ದುರಸ್ತಿಯ ಪಟ್ಟಿಗೆ ಸೇರುತ್ತದೆ. ಪಟ್ಟಿಯಲ್ಲಿ ನಲವತ್ತೊಂದು ಸೇತುವೆಗಳು ಸಾಲಾಗಿ ಕಾದು ನಿಂತಿದ್ದವು. ವರ್ಷಕ್ಕೆ ಆರರಂತೆ ಅವುಗಳ ಸರದಿ ಬರುತ್ತಿತ್ತು. ಊರ ಹೊರಗಿನ ನದಿಯ ಸೇತುವೆ ಮಾತ್ರ 2007ರಿಂದ ಒಂದೇ ಸಮನೆ ಐದರಲ್ಲಿಯೇ ಕುಳಿತಿತ್ತು. ಐದು ಎಂಬುದು ಮನೆಯ ನಡುವಿನ ಮಗಳಂತೆ: ಯಾರೂ ಬೈಯುವುದಿಲ್ಲ, ಯಾರೂ ವಿಚಾರಿಸುವುದೂ ಇಲ್ಲ. 1964ರಲ್ಲಿ ಕಟ್ಟಿದ, ಇನ್ನೂರ ಹದಿನಾಲ್ಕು ಮೀಟರು ಉದ್ದದ ಆ ಸೇತುವೆಯ ಮೇಲಿನ ನೀರು ಹರಿದುಹೋಗುವ ಕೊಳವೆಗಳು ಕಟ್ಟಿಕೊಂಡಿವೆ, ನೀರು ತೊಲೆಗಳ ತುದಿಗೆ ಇಳಿಯುತ್ತಿದೆ ಎಂದು ಆಕೆ ಹನ್ನೊಂದು ವರ್ಷ ಹನ್ನೊಂದು ಸಲ ಬರೆದಳು. ಹನ್ನೊಂದು ಸಲವೂ "ಗಮನಿಸಲಾಗಿದೆ" ಎಂಬ ಉತ್ತರ ಬಂದಿತು. ನೀರು ಆ ಉತ್ತರವನ್ನು ಓದಲಿಲ್ಲ.

ಮೂರನೆಯ ಕಂಬದ ಬಳಿ, ನೀರು ಹರಿದುಹೋಗುವ ಕಡೆಯ ತೊಲೆಯಲ್ಲಿ ಓರೆಯಾದ ಒಂದು ಸಣ್ಣ ಬಿರುಕಿತ್ತು. ಬಿರುಕು ಇದ್ದರೆ ತಪ್ಪಲ್ಲ, ಅದು ಬೆಳೆದರೆ ತಪ್ಪು. ಬೆಳೆಯುತ್ತಿದೆಯೇ ಎಂದು ತಿಳಿಯಲು ಒಂದು ಹಳೆಯ ಉಪಾಯವುಂಟು: ಬಿರುಕಿಗೆ ಅಡ್ಡಲಾಗಿ ಗೇಣುದ್ದದ ತೆಳುವಾದ ಗಾಜಿನ ಪಟ್ಟಿಯಿಟ್ಟು, ಎರಡು ತುದಿಗಳನ್ನೂ ಸಿಮೆಂಟಿನಿಂದ ಭದ್ರ ಮಾಡಿ, ಮೇಲೆ ತಾರೀಖು ಬರೆಯುವುದು. ಗಾಜು ಹಿಗ್ಗುವುದಿಲ್ಲ. ಬಿರುಕು ಕೂದಲೆಳೆಯಷ್ಟು ಸರಿದರೂ ಅದು ಒಡೆಯುತ್ತದೆ. ತಮ್ಮ ಕೊಯ್ದುಕೊಟ್ಟ ಅಂಥ ಮೂರು ಪಟ್ಟಿಗಳು ಅಲ್ಲಿದ್ದವು. ಮೊದಲನೆಯದರ ಮೇಲಿದ್ದ ತಾರೀಖು 2011ನೆಯ ಸೆಪ್ಟೆಂಬರ್ ಆರು.

ಆ ಮಂಗಳವಾರವೇ ಮದುಮಗನ ಪ್ರವೇಶವಾದದ್ದು.

ಅವನು ಬಸ್ ಡ್ರೈವರು. ಅವನ ಬಸ್ಸು ಪ್ರತಿದಿನ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಸರಿಯಾಗಿ ಸೇತುವೆಯ ಆಚೆಯ ತುದಿಗೆ ಬರುತ್ತಿದ್ದುದರಿಂದ ಜನ ಅವನನ್ನು "ಎಂಟೂನಲವತ್ತು" ಎನ್ನುತ್ತಿದ್ದರು. ಅಂದು ಅವನು ಸೇತುವೆ ದಾಟಿ ಬಂದಾಗ ಹಳದಿ ಹೆಲ್ಮೆಟ್ಟಿನ ಹೆಂಗಸೊಬ್ಬಳು ರಸ್ತೆಯ ನಡುವೆ ಕೈಯೆತ್ತಿ ನಿಂತಿದ್ದಳು.

"ಡ್ರೈವರ್ರೇ, ಒಂದು ಉಪಕಾರ ಆಗ್ಬೇಕು. ಬಸ್ಸನ್ನ ಹಿಂದಕ್ಕೆ ತಗೊಂಡು ಹೋಗಿ, ಇನ್ನೊಂದ್ಸಲ ನಿಧಾನಕ್ಕೆ ಬನ್ನಿ."

"ಯಾಕೆ ಮೇಡಂ, ಮೊದಲ್ನೇ ಸಲ ಬಂದಿದ್ದು ಚೆನ್ನಾಗಿರ್ಲಿಲ್ವಾ?"

"ಬಸ್ಸು ಹೋಗೋವಾಗ ಕೆಳಗಡೆ ತೊಲೆಗೆ ಕೈಯಿಟ್ಟು ನೋಡ್ಬೇಕು. ಖಾಲಿ ಗಾಡಿ ಆಗಲ್ಲ. ನಿಮ್ಮದು ತುಂಬಿದೆ."

ಅವನು ಹಿಂದಕ್ಕೆ ಹೋದ, ಬಂದ. ಮತ್ತೆ ಹೋದ, ಮತ್ತೆ ಬಂದ. ಮೂರನೆಯ ಸಲಕ್ಕೆ ಹಿಂದಿನ ಸೀಟಿನಿಂದ ಒಬ್ಬರು, "ಇದೇನಪ್ಪಾ, ಬಸ್ಸೋ ಉಯ್ಯಾಲೆಯೋ? ನಾನು ಆಸ್ಪತ್ರೆಗೆ ಹೋಗ್ಬೇಕು, ಇಲ್ಲೇ ವಾಸಿ ಆಗೋಗತ್ತೆ!" ಎಂದು ಕೂಗಿದರು. ಎಂಟೂನಲವತ್ತು ಹದಿನೈದು ವರ್ಷಗಳ ನೌಕರಿಯಲ್ಲಿ ಮೊದಲ ಬಾರಿಗೆ ಇಪ್ಪತ್ತೆರಡು ನಿಮಿಷ ತಡವಾಗಿ ಊರು ತಲುಪಿದ. ಏಕೋ ಅವನಿಗೆ ಬೇಸರವಾಗಲಿಲ್ಲ.

ಅಂದಿನಿಂದ ಅವನು ಸೇತುವೆ ದಾಟುವಾಗ ಕಿವಿ ನೆಟ್ಟಗೆ ಮಾಡಿಕೊಂಡು ಕುಳಿತಿರುತ್ತಿದ್ದ. ಸೇತುವೆಯ ತುಂಡುಗಳು ಸೇರುವ ಜಾಯಿಂಟುಗಳ ಮೇಲೆ ಚಕ್ರ ಹಾದಾಗ ಬರುವ ಸದ್ದನ್ನು ಗಮನಿಸಿ, ಟಣ್ಣಕ್ಕ ಕಂಡ ದಿನ ಕಿಟಕಿಯಿಂದ ತಲೆ ಹೊರಹಾಕಿ ಒಪ್ಪಿಸುತ್ತಿದ್ದ: "ಮೇಡಂ, ಇವತ್ತು ಮೂರನೇ ಜಾಯಿಂಟು ಎರಡು ಸಲ ಧಡ್ ಅಂತು!" ಆಕೆ ಅದನ್ನು ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದಳು. ಆರು ವರ್ಷಗಳಲ್ಲಿ ಇಂಥ ವರದಿಗಳು ನಾನೂರ ಹನ್ನೆರಡಾದವು. ಅವುಗಳಲ್ಲಿ ಒಂದರಲ್ಲಿಯೂ ಚಂದ್ರನ ಮಾತಾಗಲಿ ಹೃದಯದ ಮಾತಾಗಲಿ ಬಂದಿಲ್ಲ. ಎಲ್ಲವೂ ಜಾಯಿಂಟಿನ ಮಾತೇ. ಆದರೂ ಓದಿದರೆ ಕೆನ್ನೆ ಬಿಸಿಯಾಗುವಂತಿವೆಯೆಂದು ತಮ್ಮನ ಹೆಂಡತಿ ಹೇಳುತ್ತಾಳೆ.

2017ನೆಯ ಅಕ್ಟೋಬರ್ ಎಂಟು, ಭಾನುವಾರ, ಸೇತುವೆಯ ಆಚೆಯ ತುದಿಯ ಟೀ ಅಂಗಡಿಯ ಬೆಂಚಿನ ಮೇಲೆ ಅವನು ಕೇಳಿಯೇಬಿಟ್ಟ. "ಮೇಡಂ, ಆರು ವರ್ಷ ಸೇತುವೆ ವಿಷಯಾನೇ ಮಾತಾಡಿದ್ವಿ. ನನಗೂ ಐವತ್ತಾಗ್ತಾ ಬಂತು. ಒಂದ್ಸಲ ನನ್ನ ವಿಷಯಾನೂ ಪರಿಶೀಲನೆ ಮಾಡ್ತೀರಾ?"

"ಸಮಯ ಬೇಕು" ಎಂದಳು ಟಣ್ಣಕ್ಕ. ನವೆಂಬರ್ ಹನ್ನೆರಡರವರೆಗೆ, ಅಂದರೆ ಮೂವತ್ತೈದು ದಿನ, ಸಮಯ ತೆಗೆದುಕೊಂಡು ಅದೇ ಬೆಂಚಿನ ಮೇಲೆ ತೀರ್ಪು ಕೊಟ್ಟಳು: "ಏಳು."

"ಏಳು ಅಂದ್ರೆ?"

"ಸಣ್ಣಪುಟ್ಟ ದೋಷಗಳಿವೆ. ಬಳಕೆಗೆ ಏನೂ ಅಡ್ಡಿಯಿಲ್ಲ."

ಎಂಟೂನಲವತ್ತು ಎದ್ದು ನಿಂತು ಟೀ ಅಂಗಡಿಯವನನ್ನು ಅಪ್ಪಿಕೊಂಡ. ಟೀ ಅಂಗಡಿಯವನ ಕೈಯಲ್ಲಿದ್ದ ನಾಲ್ಕು ಲೋಟಗಳೂ ಚೆಲ್ಲಿದವು.

ನವೆಂಬರ್ ಹದಿನೇಳರಂದು ಇಬ್ಬರೂ ವಿವಾಹ ನೋಂದಣಿ ಕಚೇರಿಯಲ್ಲಿ ನೋಟೀಸು ಕೊಟ್ಟರು. ನೋಟೀಸು ಕೊಟ್ಟು ಮೂವತ್ತು ದಿನ ಕಾಯಬೇಕು. ಆದರೆ ಮೂರು ತಿಂಗಳು ಮೀರಿದರೆ ಅದು ಸತ್ತಂತೆ. ಮೊದಲು ಗೊತ್ತಾಗಿದ್ದ ಡಿಸೆಂಬರ್ ಇಪ್ಪತ್ತು ತಪ್ಪಿಹೋಯಿತು: ಅಂದು ಸೇತುವೆಗಳ ವಾರ್ಷಿಕ ವರದಿಯ ಕೊನೆಯ ದಿನ. ಎರಡನೆಯ ದಿನ ಜನವರಿ ಹತ್ತೊಂಬತ್ತೂ ತಪ್ಪಿತು: ಇನ್ನೊಬ್ಬ ಡ್ರೈವರಿಗೆ ಜ್ವರ ಬಂದು ಎಂಟೂನಲವತ್ತನ್ನು ದೂರದೂರಿಗೆ ಅಟ್ಟಿದರು. ಉಳಿದದ್ದು ಫೆಬ್ರವರಿ ಹದಿನೇಳು, ಮೂರು ತಿಂಗಳ ಕಟ್ಟಕಡೆಯ ದಿನ. ಶನಿವಾರವಾದ್ದರಿಂದ ಕಚೇರಿ ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ. ಎಂಟೂನಲವತ್ತನ್ನು ಸಾಕಿ ಬೆಳೆಸಿದ ಅವನ ಅಕ್ಕ ಖಡಾಖಂಡಿತವಾಗಿ ಹೇಳಿದ್ದಳು: "ಎರಡು ಸಲ ತಪ್ಪಿದೆ. ಮೂರನೇ ಸಲಾನೂ ತಪ್ಪಿದ್ರೆ ಈ ಸಂಬಂಧ ನನಗೆ ಬೇಡ. ನಾನು ಬರೋದೂ ಇಲ್ಲ, ಹರಸೋದೂ ಇಲ್ಲ." ಅಕ್ಕನ ಮಾತು ಮೀರಿ ಅವನು ಈವರೆಗೆ ಒಂದು ಶರ್ಟನ್ನೂ ಕೊಂಡವನಲ್ಲ.

ಹಿಂದಿನ ದಿನ ಶುಕ್ರವಾರ ಸಂಜೆ ಅವನು ಫೋನಿನಲ್ಲಿ ಖುಷಿಯಿಂದ ಹೇಳಿದ್ದ: "ಗೊತ್ತಾ ಮೇಡಂ, ಇವತ್ತು ಮೂರನೇ ಜಾಯಿಂಟು ಸದ್ದೇ ಮಾಡ್ಲಿಲ್ಲ! ಅದಕ್ಕೂ ನಮ್ಮ ಮದುವೆ ವಿಷಯ ಗೊತ್ತಾಗಿರ್ಬೇಕು." ಆಕೆ ನಕ್ಕಿದ್ದಳು. ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ಐದನೆಯ ಪಿನ್ನು ಸಿಕ್ಕಿಸುವಾಗ ಆ ಮಾತು ಥಟ್ಟನೆ ಎದೆಗೆ ತಾಗಿತು. ಆರು ವರ್ಷ ಧಡ್ ಎಂದ ಜಾಯಿಂಟು ತಾನಾಗಿ ಸುಮ್ಮನಾಗುವುದಿಲ್ಲ. ತೊಲೆ ಕೆಳಗೆ ಸರಿದು, ಜಾಯಿಂಟಿನ ಬಾಯಿ ಬಿಗಿದುಕೊಂಡರೆ ಮಾತ್ರ ಸುಮ್ಮನಾಗುತ್ತದೆ. ಹೆಲ್ಮೆಟ್ಟು ಕೈಗೆ ಬಂದದ್ದು ಆಕೆಗೇ ತಿಳಿಯಲಿಲ್ಲ.

ಮೂರನೆಯ ಕಂಬದ ಸುತ್ತ ಬೇಸಿಗೆಯ ಹೊತ್ತಿಗೆ ಬರಿಯ ಬಂಡೆ. ಕಬ್ಬಿಣದ ಏಣಿ ಹತ್ತಿದರೆ ತೊಲೆ ಕೈಗೆ ಸಿಗುತ್ತದೆ. ಮದುವೆಯ ಉಡುಪನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಆಕೆ ಹತ್ತಿದಾಗ ಎಂಟು ಮೂವತ್ತಾರು. ಸೋಮವಾರ ನೋಡಿದಾಗ ಗಟ್ಟಿಯಾಗಿದ್ದ ಮೂರು ಗಾಜಿನ ಪಟ್ಟಿಗಳೂ ಒಡೆದಿದ್ದವು. ಎಂಟು ನಲವತ್ತಕ್ಕೆ ಸರಿಯಾಗಿ ಮೇಲೆ ಬಸ್ಸು ಬಂದಿತು. ಓಡಿಸುತ್ತಿದ್ದವನು ಬದಲಿ ಡ್ರೈವರು. ಆಕೆ ತೊಲೆಗೆ ಅಂಗೈ ಒತ್ತಿದಳು. ಧಡ್ ಎನ್ನಲಿಲ್ಲ. ಬಿರುಕು ಮಾತ್ರ ಏನನ್ನೋ ಹೇಳಹೊರಟ ತುಟಿಯಂತೆ ತೆರೆದು ಮುಚ್ಚಿಕೊಂಡಿತು.

ಏಣಿಯಿಂದ ಇಳಿಯುವಷ್ಟರಲ್ಲಿ ತಮ್ಮನ ಗೂಡ್ಸ್ ಗಾಡಿ ಬಂದು ನಿಂತಿತ್ತು. ಅಕ್ಕನ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು. ಅರ್ಥವಾದ ಕೂಡಲೇ ಸುಳ್ಳು ಹೇಳಲು ನಿಂತ.

"ಅಕ್ಕಾ, ಅದು ನಾನು ಕೊಟ್ಟ ಹಳೇ ಗಾಜು. ಬಿರುಕು ಬಿಟ್ಟಿದ್ದ ಹಾಳೇಲಿ ಕೊಯ್ದಿದ್ದು. ತಾನಾಗೇ ಒಡೆದಿರತ್ತೆ."

"ಮೂರೂ?"

"ಮೂರೂ ಒಂದೇ ಹಾಳೇದು."

"2011ರದ್ದು, 2014ರದ್ದು, ಹೋದ ತಿಂಗಳದ್ದು, ಮೂರೂ ಒಂದೇ ಹಾಳೇನಾ? ತಾನಾಗೇ ಒಡೆಯೋ ಗಾಜು ಬಿರುಕಿನ ಮೇಲೇ ಗೆರೆ ಹಿಡಿದು ಒಡೆಯತ್ತಾ? ನಮ್ಮಪ್ಪ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು."

ತಮ್ಮ ತಲೆ ಕೆರೆದುಕೊಂಡ. "ಸರಿ, ನನ್ನ ಗಾಜು ಸುಳ್ಳು ಹೇಳಲ್ಲ, ನಾನು ಹೇಳ್ದೆ. ಆದ್ರೂ ಕೇಳು. ಭಾವನ ಬಸ್ಸು ಇನ್ನೊಂದು ಗಂಟೆ ಒಳಗೆ ಬರತ್ತೆ. ಅದೊಂದು ದಾಟಲಿ, ಆಮೇಲೆ ಮುಚ್ಚು. ಇಷ್ಟು ವರ್ಷ ನಿಂತಿದ್ದು ಒಂದು ಬಸ್ಸಿಗೆ ಬೀಳತ್ತಾ?"

"ಆ ಬಸ್ಸಲ್ಲಿ ಯಾರಿರ್ತಾರೆ ಅಂತ ಯೋಚನೆ ಮಾಡಿ ಹೇಳು" ಎಂದಳು ಟಣ್ಣಕ್ಕ. ತಮ್ಮ ಗಾಡಿಯ ಹಿಂಭಾಗದಿಂದ ಸರಪಳಿ ಎಳೆದು ಹೊರಹಾಕಿದ.

ಆಕೆ ಎಂಜಿನಿಯರಿಗೆ ಫೋನು ಮಾಡಿದಳು. ಅವರು ಬೇರೊಂದು ಊರಿನಲ್ಲಿ ತಿಂಡಿಗೆ ಕುಳಿತಿದ್ದರು. "ಇವತ್ತು ನೀವು ರಜೆಯಲ್ಲಿದ್ದೀರಲ್ಲಮ್ಮಾ! ರಜೆಯಲ್ಲಿರೋರಿಗೆ ಸೇತುವೆ ಮುಚ್ಚೋ ಅಧಿಕಾರ ಇಲ್ಲ. ಹೋಗಿ ಮದುವೆ ಮಾಡ್ಕೊಳ್ಳಿ. ಮಧ್ಯಾಹ್ನ ನೋಡ್ದೆ ಅಂತ ಬರೆದುಕೊಡಿ, ನಾನು ಬರ್ತೀನಿ."

"ಮಧ್ಯಾಹ್ನ ನೋಡಿಲ್ಲ ಸಾರ್. ಎಂಟು ಮೂವತ್ತಾರಕ್ಕೆ ನೋಡಿದೀನಿ."

ಫೋನಿಟ್ಟು, ಟಿಪ್ಪಣಿ ಪುಸ್ತಕದ ಹಾಳೆ ಹರಿದು, ಗೂಡ್ಸ್ ಗಾಡಿಯ ಬಾನೆಟ್ಟಿನ ಮೇಲಿಟ್ಟುಕೊಂಡು ಬರೆದಳು: "ಈ ದಿನದ ನನ್ನ ರಜೆಯನ್ನು ಬೆಳಿಗ್ಗೆ 8-52ರಿಂದ ರದ್ದು ಮಾಡಿ ಕರ್ತವ್ಯಕ್ಕೆ ಹಾಜರಾಗಿದ್ದೇನೆ." ಅದರ ಫೋಟೋ ಎಂಜಿನಿಯರಿಗೆ ಹೋಯಿತು. ಎಂಟು ಐವತ್ತೈದಕ್ಕೆ ಈಚೆಯ ತುದಿಗೆ ಸರಪಳಿ ಬಿತ್ತು, ಕೆಂಪು ಬಾವುಟ ಏರಿತು. ಆಚೆಯ ತುದಿಯ ಟೀ ಅಂಗಡಿಯವನು ಫೋನಿನಲ್ಲಿ ಮಾತು ಮುಗಿಯುವ ಮೊದಲೇ ತನ್ನ ಎರಡು ಬೆಂಚುಗಳನ್ನು ರಸ್ತೆಗೆ ಅಡ್ಡ ಎಳೆದ. ಕರ್ತವ್ಯಕ್ಕೆ ಹಾಜರಾದ ಮೇಲೆ, ಎಂಜಿನಿಯರು ಬಂದು ವಹಿಸಿಕೊಳ್ಳುವವರೆಗೆ ಮದುಮಗಳು ಜಾಗ ಬಿಟ್ಟು ಕದಲುವಂತಿರಲಿಲ್ಲ. ಅವರು ಬರುವವರೆಗೆ ಸೇತುವೆಯ ಮೇಲೆ ನಾಯಿಯೂ ಕಾಲಿಡುವಂತಿರಲಿಲ್ಲ.

ಒಂಬತ್ತು ನಲವತ್ತಕ್ಕೆ ದಿಬ್ಬಣದ ಬಸ್ಸು ಆಚೆಯ ತುದಿಗೆ ಬಂದು ಬೆಂಚಿನ ಮುಂದೆ ನಿಂತಿತು. ಬಸ್ಸಿನಲ್ಲಿ ಮೂವತ್ತೇಳು ಜನ: ಮದುಮಗನೂ ಸೇರಿ ಇಪ್ಪತ್ತಾರು ಮಂದಿ ನೆಂಟರು, ಹನ್ನೊಂದು ಮಂದಿ ಬಸ್ ಡಿಪೋದ ಬ್ಯಾಂಡಿನವರು. ಬ್ಯಾಂಡಿನವರೆಲ್ಲ ಡ್ರೈವರುಗಳು, ಮೆಕ್ಯಾನಿಕ್ಕುಗಳು. ಕವಾಯತಿನ ದಿನ ಬಾರಿಸುವ ಎರಡು ನಡಿಗೆಯ ರಾಗಗಳನ್ನು ಬಿಟ್ಟರೆ ಮೂರನೆಯದು ಅವರಿಗೆ ಬಾರದು. ಎಂಟೂನಲವತ್ತು ಕೆಳಗಿಳಿದು ನೋಡಿದ. ಇನ್ನೂರ ಹದಿನಾಲ್ಕು ಮೀಟರು ಆಚೆ ಹಳದಿ ಚುಕ್ಕೆಯೊಂದು ಹೊಳೆಯುತ್ತಿತ್ತು. ಫೋನು ಮಾಡಿದ.

"ಮೇಡಂ, ಬೆಂಚು ಯಾಕೆ ಅಡ್ಡ ಇದೆ?"

"ಗಾಜು ಒಡೆದಿದೆ."

"ಎಷ್ಟು?"

"ಮೂರೂ."

"ಹಾಗಾದ್ರೆ ಬಿಡಬೇಡಿ" ಎಂದ ಎಂಟೂನಲವತ್ತು. "ನಾನು ಬಂದು ಕಾಲು ಹಿಡಿದ್ರೂ ಬಿಡಬೇಡಿ." ಆಮೇಲೆ ದನಿ ತಗ್ಗಿಸಿ, "ಆದ್ರೆ ಅಕ್ಕನಿಗೆ ನೀವೇ ಹೇಳಿ. ನನಗೆ ಧೈರ್ಯ ಇಲ್ಲ" ಎಂದ.

ಅಕ್ಕ ಫೋನು ಕಿತ್ತುಕೊಂಡಳು. "ಏನಮ್ಮಾ, ದಿಬ್ಬಣಾನ ಬೆಂಚು ಹಾಕಿ ನಿಲ್ಲಿಸೋ ಮದುಮಗಳನ್ನ ನಾನೆಲ್ಲೂ ಕಂಡಿಲ್ಲ! ಸುತ್ತಿ ಬರೋಣ ಅಂದ್ರೆ ಮೂರೂವರೆ ಗಂಟೆಯಂತೆ. ದೋಣಿ ಇದೆಯಾ?"

"ಇಲ್ಲ ಅಕ್ಕ. ದೋಣಿಗೆ ನೀರು ಸಾಲಲ್ಲ, ನಡೆಯೋಕೆ ನೀರು ಹೆಚ್ಚು."

"ನಿನಗೆ ನನ್ನ ತಮ್ಮ ಬೇಕೋ, ಆ ಸೇತುವೆ ಬೇಕೋ?"

"ನಿಮ್ಮ ತಮ್ಮ ಬೇಕು ಅಕ್ಕ. ಇಡಿಯಾಗಿ ಬೇಕು. ಅದಕ್ಕೇ ನಿಲ್ಲಿಸಿದೀನಿ. ನೀವೂ ಇಡಿಯಾಗಿ ಬೇಕು."

ಅಕ್ಕ ಫೋನನ್ನು ತಮ್ಮನ ಕೈಗಿಟ್ಟು, ಬಸ್ಸಿನ ಮೆಟ್ಟಿಲ ಮೇಲೆ ಕುಳಿತು, ಟೀ ಅಂಗಡಿಯವನಿಗೆ ಹೇಳಿದಳು: "ಒಂದು ಟೀ ಕೊಡಪ್ಪ. ಸಕ್ಕರೆ ಜಾಸ್ತಿ ಹಾಕು." ಅವಳು ಸೋತಾಗ ಮಾತ್ರ ಸಕ್ಕರೆ ಜಾಸ್ತಿ ಕೇಳುವವಳೆಂದು ಎಂಟೂನಲವತ್ತಿಗೆ ಗೊತ್ತಿತ್ತು.

ಮುಂದಿನ ಎರಡೂಕಾಲು ಗಂಟೆ ಎರಡು ದಡಗಳಲ್ಲಿಯೂ ನಡೆದದ್ದನ್ನು ಜಾತ್ರೆ ಎನ್ನದೆ ಬೇರೆ ವಿಧಿಯಿಲ್ಲ. ಆಚೆ ಬ್ಯಾಂಡಿನವರು ಸುಮ್ಮನೆ ಕೂರಲಾರದೆ ಬಾರಿಸತೊಡಗಿದರು. ನಿಂತ ಲಾರಿಗಳ ಡ್ರೈವರುಗಳು ಹಾರ್ನಿನಿಂದ ತಾಳ ಹಾಕಿದರು. ಈಚೆ ಲಾರಿಯವನೊಬ್ಬ, "ಟಣ್ಣಕ್ಕಾ, ನಿಮ್ಮ ಮದುವೆಗೆ ಬರ್ಲಿಲ್ಲ ಅಂತ ಯಾರೂ ಹೇಳೋಹಾಗಿಲ್ಲ, ಎಲ್ಲಾರ್ನೂ ಕಟ್ಟಿಹಾಕಿದೀರಿ!" ಎಂದು ಕೂಗಿದ. ಎಂಟೂನಲವತ್ತು ಆಚೆಯಿಂದ ಬಿಳಿಯ ಕರವಸ್ತ್ರ ಬೀಸಿದ. ಮರುಬೀಸಲು ಆಕೆಯ ಕೈಯಲ್ಲಿ ಕೆಂಪು ಬಾವುಟವೊಂದೇ ಇತ್ತು, ಅದನ್ನೇ ಬೀಸಿದಳು. ಕೆಂಪು ಕಂಡೊಡನೆ ಅವನು ಕೈ ಕೆಳಗಿಳಿಸಿ ನೆಟ್ಟಗೆ ನಿಂತುಬಿಟ್ಟ. ಇಪ್ಪತ್ತೆರಡು ವರ್ಷಗಳ ಅಭ್ಯಾಸ.

ನೋಂದಣಿ ಅಧಿಕಾರಿಗೆ ಟಣ್ಣಕ್ಕನ ತಮ್ಮ ಎರಡು ಸಲ ಫೋನು ಮಾಡಿದ. ಎರಡು ಸಲವೂ ಅವರು ಒಂದೇ ಮಾತು ಹೇಳಿದರು: "ಒಂದು ಗಂಟೆಗೆ ಬೀಗ ಹಾಕ್ತೀನಿ. ಒಂದು ಗಂಟೆ ಅಂದ್ರೆ ಒಂದು ಗಂಟೆ."

ಎಂಜಿನಿಯರು ಬಂದದ್ದು ಹನ್ನೆರಡು ಗಂಟೆ ಎರಡು ನಿಮಿಷಕ್ಕೆ. ಮುಖ ಬಿಗಿದುಕೊಂಡೇ ಏಣಿ ಹತ್ತಿದರು. ಇಳಿದು ಬರುವಾಗ ಮುಖದ ಬಿಗಿತ ಎಲ್ಲಿ ಹೋಗಿತ್ತೋ.

"ಎಂಟು ಐವತ್ತೈದರ ಮೇಲೆ ಎಷ್ಟು ಗಾಡಿ ದಾಟಿದ್ವು?"

"ಒಂದೂ ಇಲ್ಲ ಸಾರ್."

ಅವರು ಆಕೆಯ ಪುಸ್ತಕ ತೆಗೆದುಕೊಂಡು ಹನ್ನೊಂದು ವರ್ಷಗಳ ಐದನ್ನು ಹೊಡೆದುಹಾಕಿ ಸ್ವಂತ ಕೈಯಿಂದ "ಮೂರು" ಎಂದು ಬರೆದು ಸಹಿ ಮಾಡಿದರು. (ನಲವತ್ತೊಂದು ಸೇತುವೆಗಳ ಸಾಲನ್ನು ದಾಟಿ ಈ ಸೇತುವೆ ಮುಂದಕ್ಕೆ ಹೋಯಿತು. ದುರಸ್ತಿ ಆರಂಭವಾದದ್ದು ಅದೇ ವರ್ಷದ ಏಪ್ರಿಲ್ ಒಂಬತ್ತರಂದು. ವಾಹನಗಳಿಗೆ ಮತ್ತೆ ತೆರೆದದ್ದು 2019ನೆಯ ಜನವರಿ ಇಪ್ಪತ್ತೊಂದು, ಸೋಮವಾರ.)

"ಈಗ ನಾನು ವಹಿಸ್ಕೊಂಡೆ. ನೀವು ಹೋಗಿ" ಎಂದರು. "ನೀರು ಬರೋ ಕಡೆಯ ಕಾಲುದಾರಿ ಮೇಲೆ ನಡೆದು ಬರೋರು ಬರಬಹುದು. ಆ ಕಡೆ ತೊಲೆ ಗಟ್ಟಿಯಾಗಿದೆ."

"ಐದೈದು ಜನ ಸಾರ್. ನಡುವೆ ಮೂವತ್ತು ಹೆಜ್ಜೆ ಬಿಟ್ಟು. ಮತ್ತೆ ಯಾರೂ ಹೆಜ್ಜೆ ಬೆರೆಸಬಾರದು."

"ಅಯ್ಯೋ, ನಡೆಯೋರ ಭಾರ ಏನು ಮಹಾ..."

"ಬೆರೆಸಬಾರದು ಸಾರ್." ಹತ್ತಾರು ಕಾಲುಗಳು ಒಟ್ಟಿಗೆ ಬಿದ್ದರೆ ಸೇತುವೆ ತೂಗತೊಡಗುತ್ತದೆಂದು ಆಕೆಗೆ ತರಬೇತಿಯ ಮೊದಲ ವಾರದಲ್ಲಿಯೇ ಕಲಿಸಿದ್ದರು.

ದಿಬ್ಬಣ ಹೊರಟಿತು. ಅಕ್ಕ ಮೊದಲ ಐವರಲ್ಲಿ ಎಲ್ಲರಿಗಿಂತ ಮುಂದೆ. "ತೂಕ ನೋಡಿ ಕಳಿಸ್ತಾಳೇನೋ ಅಂದ್ಕೊಂಡಿದ್ದೆ, ಪುಣ್ಯಕ್ಕೆ ಎಣಿಸಿ ಕಳಿಸ್ತಿದ್ದಾಳೆ" ಎನ್ನುತ್ತ ಬಂದಳು. ನೆಂಟರು ತಮ್ಮ ತಮ್ಮ ಬಗೆಯಲ್ಲಿ ಕುಂಟುತ್ತ, ನಿಲ್ಲುತ್ತ, ನೀರು ನೋಡುತ್ತ ಬಂದರು, ತೊಂದರೆಯಾಗಲಿಲ್ಲ. ಕೊನೆಯಲ್ಲಿ ಬ್ಯಾಂಡಿನವರು ಕಾಲಿಟ್ಟರು. ಸೊಂಟಕ್ಕೆ ವಾದ್ಯ ಕಟ್ಟಿಕೊಂಡ ಮೇಲೆ ಬಾರಿಸದೆ ನಡೆಯುವುದು ಅವರಿಗೆ ಗೊತ್ತಿಲ್ಲ. ಬಾರಿಸಿದ ಮೇಲೆ ಎಡಗಾಲು ಬಲಗಾಲು ಒಂದಾಗದೆ ನಡೆಯುವುದೂ ಗೊತ್ತಿಲ್ಲ. ಹತ್ತು ಮಾರು ಬರುವುದರೊಳಗೆ ಅವರೆಲ್ಲ ಒಂದೇ ಗುಂಪಾಗಿ, ಒಂದೇ ಕಾಲಿನ ದೈತ್ಯನಂತೆ ಧಪ್ ಧಪ್ ಎನ್ನುತ್ತ ಬರತೊಡಗಿದರು.

ಸೇತುವೆಯ ನಡುವಿಗೆ ಬಂದು ಅಂಚಿನ ಕಟಾಂಜನಕ್ಕೆ ಅಂಗೈಯಿಟ್ಟಿದ್ದ ಟಣ್ಣಕ್ಕ ಸೀಟಿ ಊದಿದಳು. "ಹೆಜ್ಜೆ ಬೆರೆಸಬೇಡಿ!"

"ಅಕ್ಕಾ, ನಮಗೆ ಬರೋದೇ ಅದು!" ಎಂದು ದೊಡ್ಡ ಡ್ರಮ್ಮಿನವನು ಅಳುದನಿಯಲ್ಲಿ ಕೂಗಿದ. ಅವನು ಡಿಪೋದ ಹಿರಿಯ ಮೆಕ್ಯಾನಿಕ್ಕು. "ರಾಗ ಹಿಡಿದ ಕೂಡ್ಲೇ ಕಾಲು ತಾನಾಗಿ ಹೋಗತ್ತೆ!"

"ಹಾಗಾದ್ರೆ ಒಬ್ಬೊಬ್ಬರು ಒಂದೊಂದು ರಾಗ ಬಾರಿಸಿ!"

"ನಮಗೆ ಬರೋದು ಎರಡೇ!"

"ತಪ್ಪು ತಪ್ಪಾಗಿ ಬಾರಿಸಿ!"

ಅಪ್ಪಣೆಯಾದದ್ದೇ ತಡ. ಒಬ್ಬ ಮೊದಲ ರಾಗ ಹಿಡಿದ, ಇನ್ನೊಬ್ಬ ಎರಡನೆಯದನ್ನು ಹಿಡಿದ, ಕಹಳೆಯವನು ತೊಟ್ಟಿಲ ಹಾಡನ್ನೂ ತಾಳದವನು ರೈಲಿನ ಸದ್ದನ್ನೂ ಎತ್ತಿಕೊಂಡರು. ಡ್ರಮ್ಮಿನವನು ಟೈರಿಗೆ ಗಾಳಿ ತುಂಬಿ ಬಡಿದು ನೋಡುವ ಹಾಗೆ ಮನಬಂದಂತೆ ಬಡಿದ. ಕಾಲುಗಳಿಗೆ ದಿಕ್ಕು ತಪ್ಪಿತು. ಒಬ್ಬ ಕುಪ್ಪಳಿಸಿದ, ಒಬ್ಬ ತೇಲಿದ, ಒಬ್ಬ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಹಾಕಿದ. ಅವರ ನಡುವೆ ತೊಂಬತ್ತಾರು ಕಿಲೋ ತೂಕದ ಮದುಮಗ ತನ್ನ ಕಾಲಿನ ಮೇಲೆ ತನಗೇ ಹಿಡಿತವಿಲ್ಲದೆ, ಎರಡು ಕೈಗಳನ್ನೂ ಮೇಲೆತ್ತಿ, ಗಾಳಿಪಟದಂತೆ ತಿರುಗುತ್ತ ಬಂದ. ಎರಡು ದಡಗಳ ಲಾರಿಗಳೂ ಒಟ್ಟಿಗೆ ಹಾರ್ನು ಹೊಡೆದವು. ಎಂಜಿನಿಯರು ಕೆಂಪು ಬಾವುಟ ಹಿಡಿದೇ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಮೂವತ್ತೇಳು ಜನರ ಹೆಜ್ಜೆಗೆ ಆ ಸೇತುವೆ ಅಲುಗುತ್ತಿರಲಿಲ್ಲವೆಂದು ಅವರು ಮುಂದೊಂದು ದಿನ ಹೇಳಿದರು. ಆದರೆ ಅಂದು ಹೇಳದಿದ್ದುದು ಒಳ್ಳೆಯದಾಯಿತೆಂದೂ ಸೇರಿಸಿದರು.

ಹನ್ನೆರಡು ಮೂವತ್ತೊಂದಕ್ಕೆ ಕೊನೆಯ ಕಾಲು ಈಚೆ ಬಿತ್ತು. ಗೂಡ್ಸ್ ಗಾಡಿಯ ಹಿಂಭಾಗದಲ್ಲಿ ಗಾಜಿನ ಹಾಳೆಗಳನ್ನು ನಿಲ್ಲಿಸುವ ಮರದ ಚೌಕಟ್ಟುಗಳ ನಡುವೆ ಮದುಮಗ, ಮದುಮಗಳು, ಅಕ್ಕ ಮೂವರೂ ಚೌಕಟ್ಟು ಹಿಡಿದು ನಿಂತರು. "ಒಡೆಯೋ ಸಾಮಾನು, ನಿಧಾನ ಅಂತ ಹಿಂದೆ ಬರೆದಿದೆ ಭಾವ, ಹೆದರಬೇಡಿ!" ಎಂದು ತಮ್ಮ ಕೂಗಿ, ಸ್ವಲ್ಪವೂ ನಿಧಾನವಿಲ್ಲದೆ ಹೊಡೆದ. ನೋಂದಣಿ ಅಧಿಕಾರಿ ಒಂದು ಕೈಯಲ್ಲಿ ಬೀಗ ಹಿಡಿದುಕೊಂಡೇ ಪುಸ್ತಕ ತೆರೆದರು. ಹನ್ನೆರಡು ಐವತ್ತಮೂರಕ್ಕೆ ಮದುಮಗಳು ಸಹಿ ಮಾಡಿದಳು. ಹೆಲ್ಮೆಟ್ಟು ಇನ್ನೂ ತಲೆಯ ಮೇಲಿದೆಯೆಂದು ಫೋಟೋ ತೆಗೆದ ಮೇಲೆ ಗೊತ್ತಾಯಿತು. ಸಾಕ್ಷಿಯ ಜಾಗದಲ್ಲಿ ಅಕ್ಕ ತನ್ನ ಹೆಸರನ್ನು ಒತ್ತಿ ಒತ್ತಿ ಬರೆದಳು. ಆಮೇಲೆ ಮದುಮಗಳ ಕಡೆ ತಿರುಗಿ, "ಮೂರನೇ ಸಲ ತಪ್ಪಲಿಲ್ಲ ಬಿಡು" ಎಂದು ಹೆಲ್ಮೆಟ್ಟಿನ ಮೇಲೆಯೇ ಕೈಯಿಟ್ಟು ಹರಸಿದಳು.

ಆಗ, ಬೆಳಗಿನಿಂದ ಕಚೇರಿಯ ಬಾಗಿಲಲ್ಲೇ ಕಾದಿದ್ದ ತಮ್ಮನ ಹೆಂಡತಿ ಒಂದು ಪ್ರಶ್ನೆ ಕೇಳಿದಳು. "ಅದ್ಸರಿ, ಊಟ ಎಲ್ಲಿ?"

ಊಟ ಆಚೆಯ ದಡದಲ್ಲಿತ್ತು, ಡಿಪೋದ ಹಿಂದಿನ ಚಪ್ಪರದಲ್ಲಿ.

ಆದ್ದರಿಂದ ಒಂದು ಗಂಟೆ ನಲವತ್ತು ನಿಮಿಷಕ್ಕೆ ದಿಬ್ಬಣ ಮತ್ತೆ ಸೇತುವೆಗೆ ಬಂದಿತು. ಈ ಸಲ ಗಾಜಿನಂಗಡಿಯವರೂ ಇದ್ದರು. ಬೀಗ ಹಾಕಿ ಬಂದ ನೋಂದಣಿ ಅಧಿಕಾರಿಯೂ ಇದ್ದರು. ಅವರು, "ನನಗೆ ಹೆಜ್ಜೆ ತಪ್ಪಿ ನಡೆದು ಅಭ್ಯಾಸವಿಲ್ಲ" ಎಂದು ಮೊದಲು ಗಂಭೀರವಾಗಿ ಆಕ್ಷೇಪಿಸಿ, ಎರಡನೆಯ ಕಂಬ ದಾಟುವ ಹೊತ್ತಿಗೆ ತಾಳದವನ ಹಿಂದೆ ಕುಪ್ಪಳಿಸುತ್ತಿದ್ದರು. ಬ್ಯಾಂಡು ಹನ್ನೊಂದು ದಿಕ್ಕಿಗೆ ಬಾರಿಸುತ್ತಿತ್ತು. ಮದುಮಕ್ಕಳು ಎಲ್ಲರಿಗಿಂತ ಹಿಂದೆ.

ಮೂರನೆಯ ಕಂಬದ ಮೇಲೆ ಆಕೆ ನಿಂತು, ಜಾಯಿಂಟಿನ ಸಂದಿಯೊಳಕ್ಕೆ ಬಗ್ಗಿ ನೋಡಿದಳು. ಅವನು ಆಕೆಯ ಹೆಲ್ಮೆಟ್ಟಿನ ಪಟ್ಟಿ ಹಿಡಿದುಕೊಂಡ.

"ಜಾಸ್ತಿ ಆಗಿದೆಯಾ?"

"ಇಲ್ಲ. ಹಾಗೇ ಇದೆ. ಮೇಲೆ ಯಾರೂ ಓಡಾಡ್ಲಿಲ್ಲವಲ್ಲ."

"ಮತ್ತೆ ನನ್ನ ಅಂಕ? ಇವತ್ತೂ ಏಳೇನಾ?"

"ಒಂದೇ ದಿನದಲ್ಲಿ ಅಂಕ ಬದಲಾಯಿಸೋ ಹಾಗಿಲ್ಲ. ವರ್ಷಕ್ಕೊಂದ್ಸಲ."

ಮತ್ತೆ ನಡೆದರು. ಇಪ್ಪತ್ತು ಮಾರು ಹೋಗಿರಬೇಕು, ಮುಂದಿನಿಂದ ಡ್ರಮ್ಮಿನವನ ದನಿ ಗುಡುಗಿತು: "ಟಣ್ಣಕ್ಕಾ! ಹೆಜ್ಜೆ!"

ಆಕೆ ಕೆಳಗೆ ನೋಡಿದಳು. ಇಪ್ಪತ್ತೈದು ವರ್ಷ ಕೂದಲೆಳೆಯ ಸದ್ದನ್ನೂ ಬಿಡದೆ ಹಿಡಿದ ಕಿವಿಗೆ ಇದು ಕೇಳಿಸಿರಲಿಲ್ಲ: ಆಕೆಯ ಬಲಗಾಲೂ ಅವನ ಬಲಗಾಲೂ ಒಂದೇ ಸಲ ಎದ್ದು ಒಂದೇ ಸಲ ಬೀಳುತ್ತಿದ್ದವು. ಕಿವಿಯವರೆಗೂ ಕೆಂಪೇರಿದ ಮದುಮಗಳು ಒಂದು ಚಿಕ್ಕ ಕುಪ್ಪಳಿಕೆಯಿಟ್ಟು ಕಾಲು ಬದಲಾಯಿಸಿದಳು. ನಾಲ್ಕು ಮಾರು ಹೋಗುವುದರೊಳಗೆ ಕಾಲುಗಳು ಮತ್ತೆ ಕೂಡಿಕೊಂಡಿದ್ದವು.